46ನೇ ಪುಟ ಯಾಕೆ ಮಾತು ಕೇಳಲಿಲ್ಲ?

ಕೆಲವು ವರ್ಷಗಳ ಹಿಂದೆ 240 ಪುಟದ ಒಂದು ಪುಸ್ತಕಕ್ಕೆ ಪುಟವಿನ್ಯಾಸ ಮಾಡಿದ್ದೆ. ಎಡಪುಟದ ತಲೆಯಲ್ಲಿ ಪುಸ್ತಕದ ಹೆಸರು, ಬಲಪುಟದ ತಲೆಯಲ್ಲಿ ಅಧ್ಯಾಯದ ಹೆಸರು. ನಾಳೆ ಪ್ರೆಸ್ಸಿಗೆ ಹೋಗಬೇಕು ಅನ್ನುವಾಗ ಲೇಖಕರ ಫೋನು. "ಪುಸ್ತಕದ ಹೆಸರು ಬದಲಾಯಿಸೋಣ ಅಂತಿದ್ದೀನಿ."

ನಾನೇನೂ ಗಾಬರಿಯಾಗಲಿಲ್ಲ. ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನ ಮಾಸ್ಟರ್ ಪೇಜಿಗೆ, ಅಂದರೆ ಎಲ್ಲ ಪುಟಗಳಲ್ಲೂ ಬರಬೇಕಾದದ್ದನ್ನು ಇಡುವ ಮಾದರಿ ಪುಟಕ್ಕೆ, ಹೋಗಿ ಒಂದೇ ಕಡೆ ಹೆಸರು ತಿದ್ದಿದೆ. ಅಲ್ಲೇ ಆ ಸಾಲನ್ನು 2 ಮಿಲಿಮೀಟರ್ ಮೇಲಕ್ಕೂ ಸರಿಸಿದೆ. ಪ್ರೂಫ್ ತೆಗೆದು ನೋಡಿದರೆ ಎಡಪುಟಗಳೆಲ್ಲ ಸರಿಯಾಗಿವೆ, 46ನೇ ಪುಟದಲ್ಲಿ ಮಾತ್ರ ಹಳೇ ಹೆಸರು ಹಾಗೇ ಕೂತಿದೆ. ವಿಚಿತ್ರ ಅಂದರೆ, ಆ ಹಳೇ ಹೆಸರೂ 2 ಮಿಲಿಮೀಟರ್ ಮೇಲೆ ಹೋಗಿದೆ!

ಮಾಸ್ಟರ್ ಪೇಜ್ ಅಂದರೆ ರಬ್ಬರ್ ಸ್ಟಾಂಪ್ ಇದ್ದಹಾಗೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಸ್ಟಾಂಪ್ ಒತ್ತಿದ ಮೇಲೆ ಅಚ್ಚಿಗೂ ಹಾಳೆಗೂ ಸಂಬಂಧ ಮುಗಿಯಿತು. ಇಲ್ಲಿ ಹಾಗಾಗುವುದಿಲ್ಲ. ಫೈಲಿನಲ್ಲಿ ತಲೆಬರಹದ, ಅಂದರೆ ಎಡಪುಟದ ತಲೆಯಲ್ಲಿರುವ ಆ ಹೆಸರಿನ ಸಾಲಿನ, 120 ಪ್ರತಿಗಳು ಇರುವುದಿಲ್ಲ. ಮಾಸ್ಟರ್‌ನಲ್ಲಿ ಒಂದು ಇರುತ್ತದೆ, ಪ್ರತಿ ಪುಟದಲ್ಲೂ "ನನ್ನ ಮಾಸ್ಟರ್ ಇಂಥದ್ದು" ಅನ್ನುವ ಒಂದು ಗುರುತು ಇರುತ್ತದೆ, ಅಷ್ಟೇ. ಪುಟವನ್ನು ಪರದೆಯ ಮೇಲೆ ತೋರಿಸುವಾಗ ಸಾಫ್ಟ್‌ವೇರ್ ಮೊದಲು ಮಾಸ್ಟರ್‌ನಲ್ಲಿ ಇರುವುದನ್ನು ಬರೆದು, ಅದರ ಮೇಲೆ ಆ ಪುಟದ ಸ್ವಂತ ಸರಕನ್ನು ಬರೆಯುತ್ತದೆ.

ಪುಟಸಂಖ್ಯೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಇನ್‌ಡಿಸೈನ್‌ಗಿಂತ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಮಾಸ್ಟರ್‌ನಲ್ಲಿ ಕಂಟ್ರೋಲ್, ಆಲ್ಟ್, ಪಿ ಒಟ್ಟಿಗೆ ಒತ್ತಿದರೆ ಎಡಕ್ಕೆ 'ಎಲ್‌ಎಂ', ಬಲಕ್ಕೆ 'ಆರ್‌ಎಂ' ಅಂತ ಬೀಳುತ್ತಿತ್ತು. ಮೊದಲ ಸಲ ನೋಡಿದವರು ಏನೋ ತಪ್ಪಾಯಿತು ಅಂತ ಅಳಿಸಿಬಿಡುತ್ತಿದ್ದರು. ಅದು ಸಂಖ್ಯೆಯಲ್ಲ, ಸಂಖ್ಯೆ ಬರಬೇಕಾದ ಜಾಗ. 17ನೇ ಪುಟಕ್ಕೆ ಹೋದರೆ ಅಲ್ಲಿ 17 ಆಗುತ್ತದೆ. ನುಡಿ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಕಾಲದ ನಮ್ಮ ಡಿಟಿಪಿಯವರಿಗೆ (ಡೆಸ್ಕ್‌ಟಾಪ್ ಪಬ್ಲಿಷಿಂಗ್, ಕಂಪ್ಯೂಟರಿನಲ್ಲಿ ಪುಟ ಕಟ್ಟುವವರಿಗೆ) ಇದರಿಂದ ಇನ್ನೊಂದು ಅನುಕೂಲ. ಅಂಕಿಯ ಜಾಗದಲ್ಲಿ ಕನ್ನಡ ಅಂಕಿ ಇರುವ ಫಾಂಟನ್ನು ಆ ಗುರುತಿಗೆ ಹಾಕಿದರೆ ಸಾಕು, ಪುಸ್ತಕವಿಡೀ ೧೭, ೧೮ ಅಂತ ಬರುತ್ತಿತ್ತು.

ನಡುವೆ ಒಂದು ಪುಟ ಸೇರಿಸಿದರೆ ಇನ್ನೂ ಮಜ. ಅದರ ಮುಂದಿನ ಎಡಪುಟಗಳೆಲ್ಲ ಬಲ, ಬಲಪುಟಗಳೆಲ್ಲ ಎಡ. ಹೊಲಿಗೆ ಕಡೆಯ ಅಂಚು ಅಗಲವಾಗಿರಬೇಕು, ಪುಟಸಂಖ್ಯೆ ಹೊರಗಡೆ ಇರಬೇಕು ಅಲ್ವಾ? ಮಾಸ್ಟರ್‌ನಲ್ಲಿ ಎಡ ಬಲ ಎರಡೂ ಇರುವುದರಿಂದ ತಲೆಬರಹ, ಪುಟಸಂಖ್ಯೆ ಎರಡೂ ತಾವಾಗಿ ಮಗ್ಗುಲು ಬದಲಿಸುತ್ತವೆ. ಕೈಯಲ್ಲಿ ಟೈಪ್ ಮಾಡಿ ಕೂರಿಸಿದವರಿಗೆ ಆ ರಾತ್ರಿ ನಿದ್ದೆಯಿಲ್ಲ.

ಡೆಸ್ಕ್‌ಟಾಪ್ ಪಬ್ಲಿಷಿಂಗ್ ಅನ್ನುವ ಮಾತು ಚಾಲ್ತಿಗೆ ಬಂದದ್ದು ಪಾಲ್ ಬ್ರೈನರ್ಡ್ ಅವರಿಂದ. ಅವರ ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಬಂದದ್ದು 1985ರಲ್ಲಿ. ಆದರೆ ಮಾಸ್ಟರ್‌ನ ಹಿಂದಿರುವ ಯೋಚನೆ ಅಚ್ಚಿನ ಮೊಳೆ (ಒಂದೊಂದೇ ಅಕ್ಷರದ ಲೋಹದ ಅಚ್ಚು) ಜೋಡಿಸುವ ಕಾಲದ್ದು. ಒಂದು ಫಾರಂ (ಹಾಳೆಯ ಒಂದು ಮಗ್ಗುಲಿಗೆ ಒಟ್ಟಿಗೆ ಅಚ್ಚಾಗುವ ಪುಟಗಳು) ಅಚ್ಚಾದ ಮೇಲೆ ಪುಟದ ಮೊಳೆ ಬಿಚ್ಚಿದರೂ ತಲೆಬರಹದ ಸಾಲನ್ನು ಬಿಚ್ಚದೆ ಮುಂದಿನ ಫಾರಮ್ಮಿಗೆ ಇಟ್ಟುಕೊಳ್ಳುತ್ತಿದ್ದರು. 16, 17ನೇ ಶತಮಾನದ ಇಂಗ್ಲಿಷ್ ನಾಟಕದ ಪುಸ್ತಕಗಳಲ್ಲಿ ಅದೇ ಮುರುಕು ಅಕ್ಷರ ಮತ್ತೆ ಮತ್ತೆ ತಲೆಬರಹದಲ್ಲಿ ಬರುತ್ತದೆ. ಅದನ್ನೇ ಜಾಡು ಹಿಡಿದು ಯಾವ ಫಾರಂ ಮೊದಲು ಅಚ್ಚಾಯಿತು ಅಂತ ವಿದ್ವಾಂಸರು ಲೆಕ್ಕ ಹಾಕುತ್ತಾರೆ.

ಈಗ 46ನೇ ಪುಟಕ್ಕೆ ಬರೋಣ. ಅಲ್ಲಿ ಮೇಲೊಂದು ಫೋಟೋ ಇತ್ತು. ಹೆಸರು ಅದಕ್ಕೆ ತಾಗುತ್ತಿದೆ ಅನ್ನಿಸಿ, ಕಂಟ್ರೋಲ್, ಶಿಫ್ಟ್ ಒತ್ತಿ ಕ್ಲಿಕ್ ಮಾಡಿ, ಅಕ್ಷರಗಳ ನಡುವೆ ಒಂದು ಸ್ಪೇಸ್ ತೆಗೆದಿದ್ದೆ. ಇದಕ್ಕೆ ಓವರ್‌ರೈಡ್ ಅನ್ನುತ್ತಾರೆ. ಓವರ್‌ರೈಡ್ ಮಾಡಿದರೆ ನಂಟು ಪೂರ್ತಿ ಕಡಿದುಹೋಗುವುದಿಲ್ಲ. ಯಾವ ಗುಣವನ್ನು ಮುಟ್ಟಿದ್ದೀರೋ ಅದಷ್ಟೇ ಪುಟದ ಸ್ವಂತದ್ದಾಗುತ್ತದೆ, ಉಳಿದದ್ದು ಮಾಸ್ಟರ್ ಹೇಳಿದಂತೆಯೇ ನಡೆಯುತ್ತದೆ. ನಾನು ಮುಟ್ಟಿದ್ದು ಅಕ್ಷರಗಳನ್ನು. ಹಾಗಾಗಿ ಹೆಸರು ಹಳೆಯದೇ ಉಳಿಯಿತು, ಜಾಗ ಮಾತ್ರ ಬದಲಾಯಿತು. ಆ ಪುಟದ ಓವರ್‌ರೈಡ್ ತೆಗೆದೆ, ಹೊಸ ಹೆಸರು ಬಂತು.

ಪೇಜ್‌ಮೇಕರ್‌ನಲ್ಲಿ ಈ ಸೌಲಭ್ಯ ಇರಲಿಲ್ಲ. ಒಂದು ಪುಟದಲ್ಲಿ ಮಾಸ್ಟರ್‌ನ ಸರಕು ಕಾಣಿಸಬೇಕು ಅಥವಾ ಎಲ್ಲವೂ ಮಾಯವಾಗಬೇಕು. ಪುಟಸಂಖ್ಯೆ ಬೇಕು, ತಲೆಬರಹ ಬೇಡ ಅಂದರೆ? ಸುಮ್ನೆ ಗೆರೆಯಿಲ್ಲದ ಒಂದು ಬಿಳಿ ಚೌಕ ಇಟ್ಟು ತಲೆಬರಹವನ್ನು ಮುಚ್ಚಿಬಿಡುತ್ತಿದ್ದೆವು. ಕಾಗದದ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಥ ಫೈಲನ್ನು ಪಿಡಿಎಫ್ ಮಾಡಿ ತಲೆಬರಹದ ಒಂದು ಪದ ಹುಡುಕಿ ನೋಡಿ. ಖಾಲಿ ಜಾಗದಲ್ಲಿ ಕರ್ಸರ್ ಹೋಗಿ ನಿಲ್ಲುತ್ತದೆ.