ಒಂದೇ ಹೊಗೆ, ಬೇರೆ ಬೇರೆ ಶ್ವಾಸಕೋಶ

ಜೀವನಪೂರ್ತಿ ಸಿಗರೇಟು ಸೇದಿದವರು ಎಂಬತ್ತು ದಾಟಿದರೂ ಗಟ್ಟಿಮುಟ್ಟಾಗಿ ಓಡಾಡುವುದುಂಟು. ಒಂದು ದಿನವೂ ಸೇದದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವುದೂ ಉಂಟು. ಇದನ್ನು ನೋಡಿ ‘ಎಲ್ಲ ಹಣೆಬರಹ’ ಅಂದುಬಿಡುತ್ತೇವೆ, ಅಲ್ವಾ? ಆ ಬರಹದ ಒಂದಿಷ್ಟು ಭಾಗವನ್ನು ಈಗ ಓದೋಕೆ ಆಗುತ್ತದೆ. ಅದು ಇರುವುದು ನಮ್ಮ ಡಿಎನ್‌ಎಯಲ್ಲಿ.

2008ರಲ್ಲಿ ಮೂರು ಸಂಶೋಧನಾ ತಂಡಗಳು ತಮ್ಮ ತಮ್ಮ ಪಾಡಿಗೆ ಹುಡುಕುತ್ತಾ 15ನೇ ಕ್ರೋಮೋಸೋಮಿನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ನಂಟಿರುವ ಒಂದೇ ಜಾಗಕ್ಕೆ ಬಂದು ನಿಂತವು. ನಿಕೋಟಿನ್ ಹೋಗಿ ಅಂಟಿಕೊಳ್ಳುವ ರಿಸೆಪ್ಟರ್ ಪ್ರೋಟೀನುಗಳ ಜೀನುಗಳು ಅಲ್ಲಿವೆ. ಅವುಗಳಲ್ಲಿ ಒಂದು ಸಿಎಚ್‌ಆರ್‌ಎನ್‌ಎ5. ಕೆಲವರಿಗೆ ಈ ಜೀನಿನಲ್ಲಿ ಡಿಎನ್‌ಎಯ ‘ಜಿ’ ಎಂಬ ಅಕ್ಷರ ಇರುವ ಕಡೆ ‘ಎ’ ಇರುತ್ತದೆ. ಅಷ್ಟೇ ವ್ಯತ್ಯಾಸ. ಆದರೆ ಅಷ್ಟಕ್ಕೇ ರಿಸೆಪ್ಟರ್ ಸ್ವಲ್ಪ ಮಂಕಾಗುತ್ತದೆ. ಇಲಿಗಳಲ್ಲಿ ಈ ಜೀನನ್ನೇ ತೆಗೆದು ನೋಡಿದಾಗ, ನಿಕೋಟಿನ್ ಜಾಸ್ತಿಯಾದರೂ ‘ಸಾಕು’ ಅನ್ನುವ ಸೂಚನೆ ಅವುಗಳ ಮಿದುಳಿನಲ್ಲಿ ಸರಿಯಾಗಿ ಹುಟ್ಟಲಿಲ್ಲ. ಮನುಷ್ಯರಲ್ಲೂ ಈ ‘ಎ’ ಇರುವವರು ಹೆಚ್ಚು ಸೇದುತ್ತಾರೆ, ಬಿಡೋಕೆ ಹೆಚ್ಚು ಒದ್ದಾಡುತ್ತಾರೆ. ಛಲ ಇಲ್ಲ ಎಂದು ಅವರನ್ನು ಸುಮ್ನೆ ಬೈಯುವುದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ.

ಈ ಅಕ್ಷರದ ಒಂದು ಪ್ರತಿ ಇದ್ದರೆ ಕ್ಯಾನ್ಸರಿನ ಅಪಾಯ ಸುಮಾರು ಶೇ. 30ರಷ್ಟು ಏರುತ್ತದೆ. ಸಿಗರೇಟು ಅದೇ ಅಪಾಯವನ್ನು 15ರಿಂದ 30 ಪಟ್ಟು ಏರಿಸುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಕೆ ಆಗಲ್ಲ.

ಈ ‘ಎ’ ಅಪ್ಪ ಅಮ್ಮನಿಂದ ಬಂದ ಬರಹ. ಹುಟ್ಟಿದ ಮೇಲೆ ಶ್ವಾಸಕೋಶದ ಯಾವುದೋ ಒಂದು ಕೋಶದಲ್ಲಿ ಆಗುವ ತಿದ್ದುಪಡಿಗಳು ಬೇರೆ. ಕಾಯಿಲೆ ಬಂದವರು ಎಷ್ಟು ಕಾಲ ಬದುಕುತ್ತಾರೆ ಅನ್ನುವುದರಲ್ಲಿ ಇವುಗಳ ಪಾತ್ರ ದೊಡ್ಡದು. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಜೆಫಿಟಿನಿಬ್ ಎಂಬ ಮಾತ್ರೆ ಹೆಚ್ಚಿನ ರೋಗಿಗಳಿಗೆ ಕೆಲಸ ಮಾಡಲಿಲ್ಲ. ಕೆಲವರಲ್ಲಿ ಮಾತ್ರ ಗಡ್ಡೆ ಬೆರಗಾಗುವಷ್ಟು ಬೇಗ ಕರಗಿತು. ಕಾರಣ ಗೊತ್ತಾಗಿದ್ದು 2004ರಲ್ಲಿ. ಅವರ ಗಡ್ಡೆಗಳ ಇಜಿಎಫ್‌ಆರ್ ಜೀನಿನಲ್ಲಿ ಬದಲಾವಣೆ ಆಗಿತ್ತು. ಕೋಶಕ್ಕೆ ‘ಬೆಳೆ’ ಎಂದು ಹೇಳುವ ಸ್ವಿಚ್ಚು ಆನ್ ಆಗಿಯೇ ಸಿಕ್ಕಿಹಾಕಿಕೊಂಡಿತ್ತು. ಮಾತ್ರೆ ಅದನ್ನೇ ಹಿಡಿದು ಆರಿಸುತ್ತಿತ್ತು.

ಆದರೆ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಗಡ್ಡೆ ಮತ್ತೆ ತಲೆ ಎತ್ತುತ್ತದೆ. ಹೀಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸಿಗುವುದು ಅದೇ ಜೀನಿನ ಇನ್ನೊಂದು ಬದಲಾವಣೆ, ಟಿ790ಎಂ. ಇದು ಬಂದರೆ ಮಾತ್ರೆಗೆ ಸ್ವಿಚ್ಚಿನ ಮೇಲೆ ಹಿಡಿತ ಸಿಗುವುದಿಲ್ಲ. ಇದಕ್ಕೆಂದೇ ಮಾಡಿದ ಒಸಿಮರ್ಟಿನಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ.

ಈ ಟಿ790ಎಂ ಬಹಳ ಅಪರೂಪಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ಅಂಥ ಮನೆತನಗಳಲ್ಲಿ ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬಂದಿದೆ. ಔಷಧಿ ನಾಟದಂತೆ ಮಾಡುವ ಬದಲಾವಣೆಯೇ ಅಲ್ಲಿ ಕಾಯಿಲೆಗೂ ದಾರಿ ಮಾಡಿಕೊಡುತ್ತದೆ. ಹಾಗಾಗಿ ಒಂದು ಮಾತ್ರೆಯನ್ನೂ ನುಂಗದ ರೋಗಿಯ ಗಡ್ಡೆಯಲ್ಲಿ ಟಿ790ಎಂ ಕಂಡರೆ ವೈದ್ಯರಿಗೆ ಅನುಮಾನ ಬರುತ್ತದೆ. ರೋಗಿಯ ರಕ್ತ ತೆಗೆದು ನೋಡುತ್ತಾರೆ. ಅಲ್ಲೂ ಅದು ಸಿಕ್ಕಿದರೆ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಷ್ಟು ಜನ ಎಂದು ಕೇಳುತ್ತಾರೆ.