ಕೆಂಪು ರಕ್ತಕಣಕ್ಕೆ ಹೊಸ ಕಿಣ್ವ ಸಿಗುವುದಿಲ್ಲ

ಹಸುಗೂಸಿಗೆ ಕಾಮಾಲೆ ಜೋರಾದಾಗ ಅಮ್ಮನನ್ನೂ ಅಜ್ಜಿಯನ್ನೂ ನಾನು ತಪ್ಪದೆ ಕೇಳುತ್ತೇನೆ: ಮಗುವಿನ ಬಟ್ಟೆ, ಹೊದಿಕೆಗಳನ್ನು ಬೀರುವಿನಲ್ಲಿ ನುಸಿ ಗುಳಿಗೆ ಹಾಕಿ ಇಟ್ಟಿದ್ದಿರಾ? ಬಟ್ಟೆಗೂ ಕಾಮಾಲೆಗೂ ಏನು ಸಂಬಂಧ ಅಂತ ಅವರಿಗೆ ಆಶ್ಚರ್ಯ. ಸಂಬಂಧ ಇದೆ. ಅದು ಜಿ6ಪಿಡಿ ಎಂಬ ಕಿಣ್ವದ ಮೂಲಕ.

ಈ ಕಿಣ್ವ 515 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಬಿಡಿ ಕೊಂಡಿಗಳ, ಸರಪಳಿ. ಸರಪಳಿ ಸರಿಯಾಗಿ ಮಡಚಿಕೊಳ್ಳಬೇಕು, ಅಂಥ ಎರಡಾದರೂ ಜೋಡಿಯಾಗಬೇಕು. ಆಗಲೇ ಅದು ಕೆಲಸ ಮಾಡುವುದು. ಸಕ್ಕರೆಯ ಒಂದು ರೂಪವಾದ ಗ್ಲೂಕೋಸ್-6-ಫಾಸ್ಫೇಟ್‌ನಿಂದ ಹೈಡ್ರೋಜನ್ ತೆಗೆದು ಎನ್‌ಎಡಿಪಿ ಎಂಬ ಸಹಾಯಕ ಅಣುವಿಗೆ ಕೊಡುವುದು ಅದರ ಕೆಲಸ. ಹೀಗೆ ಆಗುವ ಎನ್‌ಎಡಿಪಿಎಚ್‌ನಿಂದ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಮತ್ತೆ ಮತ್ತೆ ಸಜ್ಜಾಗುತ್ತದೆ. ಆಮ್ಲಜನಕ ಹೊತ್ತು ತಿರುಗುವ ರಕ್ತಕಣವನ್ನು ಅದೇ ಆಮ್ಲಜನಕದ ಹಾನಿಯಿಂದ ಕಾಯುವುದು ಈ ಗ್ಲುಟಾಥಯೋನ್.

ಕೆಲವರಲ್ಲಿ ಈ ಸರಪಳಿಯ 188ನೇ ಜಾಗದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲದ ಬದಲು ಫೀನೈಲ್‌ಅಲನೈನ್ ಎಂಬ ಇನ್ನೊಂದು ಇರುತ್ತದೆ. ಇಷ್ಟೇ ವ್ಯತ್ಯಾಸ. ಅಷ್ಟಕ್ಕೇ ಮಡಿಕೆ ಸಡಿಲವಾಗಿ ಕಿಣ್ವ ಬೇಗ ಹಾಳಾಗುತ್ತದೆ. ಬೇರೆ ಜೀವಕೋಶಗಳಾದರೆ ಹೊಸದನ್ನು ತಯಾರಿಸಿಕೊಳ್ಳುತ್ತವೆ. ಬಲಿತ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ಸೇ ಇಲ್ಲ. ಬಲಿಯುವಾಗ ಇದ್ದ ಕಿಣ್ವದಲ್ಲೇ ಅದು ಸುಮಾರು 120 ದಿನ ಬಾಳಬೇಕು. ಹಾಗಾಗಿ ಕಣ ಹಳೆಯದಾದಷ್ಟೂ ಅಪಾಯ ಜಾಸ್ತಿ.

ನುಸಿ ಗುಳಿಗೆಯ ನ್ಯಾಫ್ತಲೀನ್ ಉಸಿರಿನ ಮೂಲಕ, ಚರ್ಮದ ಮೂಲಕ ಒಳಗೆ ಹೋದರೆ ಇಂಥ ಕಣಗಳು ಒಡೆಯುತ್ತವೆ. ಅವುಗಳಿಂದ ಬರುವ, ಕಾಮಾಲೆ ತರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕುವಷ್ಟು ಕೂಸಿನ ಲಿವರ್ ಇನ್ನೂ ಬಲಿತಿರುವುದಿಲ್ಲ. ಅದು ವಿಪರೀತ ಏರಿದರೆ ಮೆದುಳಿಗೇ ಪೆಟ್ಟು. ಈ ಕಿಣ್ವದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ತೊಂದರೆ ಹೆಚ್ಚಾಗಿ ಗಂಡು ಮಕ್ಕಳಿಗೆ. ಮಗುವಿನ ಬಟ್ಟೆಗೆ ನುಸಿ ಗುಳಿಗೆ ಬೇಡವೇ ಬೇಡ.

ದೊಡ್ಡವರಿಗೂ ಇದು ಮುಖ್ಯ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಮರುಕಳಿಸದಿರಲಿ ಅಂತ 14 ದಿನ ಪ್ರೈಮಾಕ್ವಿನ್ ಕೊಡುತ್ತೇವೆ. ಮಂಗಳೂರಿನ ಕಡೆಯವರಿಗೆ ಈ ಮಾತ್ರೆ ಗೊತ್ತಿರುತ್ತದೆ. ಕಿಣ್ವದ ಕೊರತೆ ಇದ್ದವರಿಗೆ ಇದರಿಂದಲೂ ರಕ್ತಕಣ ಒಡೆಯಬಹುದು. ಮಾತ್ರೆ ಶುರುವಾದ ಮೇಲೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಬನ್ನಿ.

ಈ ಕಿಣ್ವ ಸರಿಯಾಗಿದೆಯೇ ಎಂದು ನೋಡುವ ರಕ್ತಪರೀಕ್ಷೆಯಲ್ಲೂ ಒಂದು ತೊಡಕಿದೆ. ಕಣಗಳು ಒಡೆಯುವ ಹೊತ್ತಿನಲ್ಲೇ ರಕ್ತ ತೆಗೆದರೆ ಕಿಣ್ವ ಸರಿಯಾಗಿದೆ ಅಂತಲೇ ರಿಪೋರ್ಟ್ ಬರಬಹುದು. ಹಳೆಯ ಕಣಗಳು ಆಗಲೇ ಹೋಗಿಬಿಟ್ಟಿರುತ್ತವೆ. ಉಳಿದಿರುವುದು, ಹೊಸದಾಗಿ ಬಂದಿರುವುದು ಎಲ್ಲ ಎಳೆಯವು, ಅವುಗಳಲ್ಲಿ ಕಿಣ್ವ ಇನ್ನೂ ಇರುತ್ತದೆ. "ನಾರ್ಮಲ್ ಬಂತಲ್ಲ ಡಾಕ್ಟ್ರೇ, ಮತ್ತೆ ಯಾಕೆ?" ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ. ಕೊರತೆ ಕಂಡರೆ ಆ ರಿಪೋರ್ಟನ್ನು ಮಗುವಿನ ಲಸಿಕೆ ಕಾರ್ಡಿನ ಜೊತೆಗೇ ಇಡಿ, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ತೋರಿಸಿ.