ಮಗುವಿನ ಕುತ್ತಿಗೆಗೆ ಗಾಯವಾದರೆ: ಕೊಯ್ಯುವುದಾ, ಕಾಯುವುದಾ?

ಕುತ್ತಿಗೆಯಲ್ಲಿ ಜಾಗ ಕಡಿಮೆ, ಸಾಮಾನು ಜಾಸ್ತಿ. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್, ವಾಪಸ್ ತರುವ ಜುಗುಲಾರ್, ಶ್ವಾಸನಾಳ, ಅನ್ನನಾಳ, ಬೆನ್ನುಹುರಿ, ಎಲ್ಲವೂ ಒತ್ತೊತ್ತಾಗಿ ಕೂತಿವೆ. ಮಗುವಿನಲ್ಲಂತೂ ಕೆಲವೇ ಬೆರಳಗಲದೊಳಗೆ. ಚೂಪಾದದ್ದೇನಾದರೂ ಒಳಹೊಕ್ಕರೆ ಈಗಲೇ ತೆರೆದು ನೋಡಬೇಕಾ, ಕಾಯಬಹುದಾ? ಇದಕ್ಕೆ ಉತ್ತರ ಕಾಲಕ್ಕೊಂದು ಥರ ಬದಲಾಗಿದೆ.

1552ರಲ್ಲಿ ಫ್ರಾನ್ಸಿನ ಸರ್ಜನ್ ಆಂಬ್ರಾಸ್ ಪಾರೆ, ಗಾಯಗೊಂಡ ಸೈನಿಕನೊಬ್ಬನ ಕೆರೋಟಿಡ್ ಮತ್ತು ಜುಗುಲಾರ್ ನಾಳಗಳನ್ನು ಬಿಗಿದು ಕಟ್ಟಿದ. ಜೀವ ಉಳಿಯಿತು. ಆದರೆ ಮಾತು ಬಿದ್ದುಹೋಯಿತು, ಒಂದು ಕಡೆ ಲಕ್ವ ಹೊಡೆಯಿತು. ಮಿದುಳಿಗೆ ಹೋಗುವ ರಕ್ತವನ್ನೇ ನಿಲ್ಲಿಸಿದರೆ ಇನ್ನೇನಾಗುತ್ತೆ ಹೇಳಿ.

ಬೇಗ ತೆರೆದು ನೋಡುವ ಕಡೆಗೆ ಗಾಳಿ ತಿರುಗಿದ್ದು ಎರಡನೇ ಮಹಾಯುದ್ಧದ ನಂತರ. 1956ರಲ್ಲಿ ಅಮೆರಿಕದ ಡಲ್ಲಾಸ್‌ನಿಂದ ಫೋಗೆಲ್‌ಮನ್ ಮತ್ತು ಸ್ಟೀವರ್ಟ್ ಎಂಬ ಸರ್ಜನ್‌ಗಳು ಕುತ್ತಿಗೆಗೆ ಗಾಯವಾದ 100 ರೋಗಿಗಳ ಲೆಕ್ಕ ಕೊಟ್ಟರು. ಬೇಗ ಆಪರೇಷನ್ ಆದವರಲ್ಲಿ ಸತ್ತವರು ಶೇ. 6. ತಡವಾದವರು, ಆಗದೇ ಇದ್ದವರಲ್ಲಿ ಶೇ. 35. ಅಷ್ಟು ಸಾಕಾಯಿತು. ಚರ್ಮದಡಿಯ ತೆಳು ಸ್ನಾಯು ಪ್ಲಾಟಿಸ್ಮಾವನ್ನು ಗಾಯ ದಾಟಿದೆಯೆಂದರೆ ತೆರೆಯಲೇಬೇಕು ಅನ್ನೋದು ನಿಯಮವಾಯಿತು. 1969ರಲ್ಲಿ ಶಿಕಾಗೋದ ಸರ್ಜನ್‌ಗಳು ಕುತ್ತಿಗೆಯನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಗಂಟಲಿನ ಕ್ರೈಕಾಯ್ಡ್ ಮೃದ್ವಸ್ಥಿಯಿಂದ ದವಡೆಯ ಮೂಲೆವರೆಗಿನ ನಡುವಲಯ ಕೈಗೆ ಸುಲಭವಾಗಿ ಸಿಗುತ್ತದೆ. ಸರ್ಜನ್‌ಗಳ ಚಾಕು ಜಾಸ್ತಿ ಆಡಿದ್ದೂ ಅಲ್ಲೇ.

ತೆರೆದ ಎಷ್ಟೋ ಕುತ್ತಿಗೆಗಳಲ್ಲಿ ಒಳಗೆ ಏನೂ ಆಗಿರಲಿಲ್ಲ, ಸುಮ್ನೆ ಕೊಯ್ದಂತಾಯಿತು. ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್, ಅಂದರೆ ಸಿಟಿ ಆಂಜಿಯೋಗ್ರಫಿ, ಬಂದ ಮೇಲೆ ಈ ಹಟ ಇನ್ನಷ್ಟು ಸಡಿಲವಾಯಿತು. ಈಗ ರಕ್ತ ಚಿಮ್ಮುತ್ತಿದ್ದರೆ, ಊತ ಹಿಗ್ಗುತ್ತಿದ್ದರೆ, ಗಾಯದಿಂದ ಗಾಳಿಗುಳ್ಳೆ ಬರುತ್ತಿದ್ದರೆ ನೇರ ಆಪರೇಷನ್ ಥಿಯೇಟರಿಗೆ. ಉಳಿದವರಿಗೆ ಮೊದಲು ಸ್ಕ್ಯಾನ್, ಮತ್ತೆ ಮತ್ತೆ ತಪಾಸಣೆ.

ಗಮನಿಸಿ, ಈ ಲೆಕ್ಕಾಚಾರವೆಲ್ಲ ಹುಟ್ಟಿದ್ದು ಬಹುಪಾಲು ದೊಡ್ಡವರ ಗುಂಡೇಟು, ಚೂರಿ ಇರಿತಗಳಿಂದ. ಮಕ್ಕಳಿಗೆ ಬಂದದ್ದು ಎರವಲು ನಿಯಮ. ಅವರ ಗಾಯವೇ ಬೇರೆ: ಗಾಜು, ನಾಯಿ ಕಡಿತ, ಬಿದ್ದಾಗ ಚುಚ್ಚಿದ ಕಡ್ಡಿ. ನಮ್ಮ ದೇಶದಲ್ಲಿ ಇದರ ಜೊತೆ ಮಾಂಜಾ ದಾರ. 2016ರ ಆಗಸ್ಟ್ 15ರಂದು ದೆಹಲಿಯಲ್ಲಿ ಬೇರೆ ಬೇರೆ ಕಾರುಗಳ ಸನ್‌ರೂಫ್‌ನಿಂದ ಇಣುಕುತ್ತಿದ್ದ ಇಬ್ಬರು ಪುಟ್ಟ ಮಕ್ಕಳು ಗಾಳಿಪಟದ ದಾರಕ್ಕೆ ಬಲಿಯಾದರು. ಮರುವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನೈಲಾನ್ ಮಾಂಜಾವನ್ನು ದೇಶದೆಲ್ಲೆಡೆ ನಿಷೇಧಿಸಿತು. ಬೈಕಿನ ಟ್ಯಾಂಕ್ ಮೇಲೆ ಕೂರುವ ಮಗುವಿನ ಕುತ್ತಿಗೆಗೆ ಕಾಗದದಲ್ಲಿರುವ ಆ ನಿಷೇಧದಿಂದ ಎಷ್ಟು ರಕ್ಷಣೆ ಅನ್ನೋದು ಬೇರೆ ಮಾತು.

ಒಳಗಿನ ರಚನೆಯೂ ಬೇರೆ. ಮಗುವಿನ ಶ್ವಾಸನಾಳ ಸಣ್ಣದು, ಸ್ವಲ್ಪ ಊದಿದರೂ ಉಸಿರು ಕಟ್ಟುತ್ತದೆ. ದೊಡ್ಡವರಿಗಾದರೆ ತುರ್ತಿನಲ್ಲಿ ಗಂಟಲಿನ ಮುಂಭಾಗದ ಪೊರೆ ಕೊಯ್ದು ಉಸಿರಾಟಕ್ಕೆ ಕೊಳವೆ ಇಡಬಹುದು. ಚಿಕ್ಕ ಮಕ್ಕಳಲ್ಲಿ ಆ ಪೊರೆ ತೀರಾ ಕಿರಿದು, ಅದಕ್ಕೇ ಸಾಮಾನ್ಯವಾಗಿ ಆ ದಾರಿ ಹಿಡಿಯುವುದಿಲ್ಲ. ಹರಿದ ರಕ್ತನಾಳವನ್ನು ಉದ್ದಕ್ಕೆ ಒಂದೇ ದಾರದಲ್ಲಿ ಹೊಲಿದರೆ ಮಗು ಬೆಳೆದಂತೆ ಅಲ್ಲೇ ಬಿಗಿಯಬಹುದು. ಆದ್ದರಿಂದ ಬಿಡಿ ಬಿಡಿ ಹೊಲಿಗೆ. ಸ್ಕ್ಯಾನ್ ಮಾಡೋಣವೆಂದರೆ ವಿಕಿರಣದ ಚಿಂತೆ, ಅಲುಗಾಡದೆ ಮಲಗಿಸಲು ಅರಿವಳಿಕೆ ಬೇರೆ.

ಎಲ್ಲಕ್ಕಿಂತ ಕಳ್ಳ ಅನ್ನನಾಳ. ಅಲ್ಲಿನ ತೂತು ಮೊದಲ ದಿನ ಗೊತ್ತೇ ಆಗದಿರಬಹುದು. ಆಮೇಲೆ ಜ್ವರ, ನುಂಗಲು ನೋವು, ಮುಟ್ಟಿದರೆ ಚರ್ಮದಡಿ ಗಾಳಿಯ ಚರಚರ. ಅಷ್ಟರಲ್ಲಿ ಸೋಂಕು ಎದೆಗೂಡಿಗೆ ಇಳಿದಿರಬಹುದು. ಹಾಗಾಗಿ ಹೊರಗಿನ ಗಾಯ ಎಷ್ಟೇ ಚಿಕ್ಕದಿರಲಿ, ಅನುಮಾನವಿದ್ದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ, ಎಂಡೋಸ್ಕೋಪಿ ಮಾಡುತ್ತಾರೆ. ಅದು ಮುಗಿಯುವವರೆಗೆ ಮಗುವಿಗೆ ಬಾಯಿಗೆ ಬೇರೇನೂ ಕೊಡುವುದಿಲ್ಲ.